ಪಾಸ್ತಾ ಗಾಡಿಯ ಪಟ್ಟಾಭಿಷೇಕ

ಇಟಲಿಯ ಸಿಂಹಾಸನ ಖಾಲಿ ಇಲ್ಲ. ಖಾಲಿ ಇರಬೇಕಾದರೆ ಮೊದಲು ಸಿಂಹಾಸನ ಇರಬೇಕಲ್ಲ! 1946ರ ಜೂನ್ 2ರಂದು ಇಟಲಿಯ ಜನ ಸಾಲುಗಟ್ಟಿ ನಿಂತು ಮತ ಹಾಕಿ ಅದನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಆದರೂ ಅದರ ಮೇಲೆ ಕೂರಲು ಇವತ್ತಿಗೂ ಇಬ್ಬರು ತಯಾರಿದ್ದಾರೆ. ಒಬ್ಬರು ಪಾಸ್ತಾ ಮಾರಿದವರು, ಇನ್ನೊಬ್ಬರು ಟೈರು ಕಂಪನಿಯ ದೊಡ್ಡ ಅಧಿಕಾರಿ.

ಪಾಸ್ತಾದವರು ರಾಜಕುಮಾರ ಎಮಾನುಯೆಲೆ ಫಿಲಿಬೆರ್ತೊ. ಟೈರಿನವರು ಅವರ ದಾಯಾದಿ ಐಮೊನೆ. ಇಬ್ಬರೂ ಸವೋಯಾ ಮನೆತನದ ಕುಡಿಗಳು. ಮನೆತನದ ಯಜಮಾನಿಕೆ ನಮ್ಮದೇ ಎಂಬುದು ಎರಡೂ ಕವಲುಗಳ ವಾದ. ಜಮೀನೆಲ್ಲ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಎರಡು ತಲೆಮಾರಾದ ಮೇಲೂ ಪಹಣಿಯಲ್ಲಿ ಯಾರ ಹೆಸರು ಮೊದಲಿರಬೇಕು ಎಂದು ಕಚ್ಚಾಡುವ ಅಣ್ಣತಮ್ಮಂದಿರ ಮಕ್ಕಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಳುಗಿದ್ದು ಹೇಗೆ ಅಂತ ಮೊದಲು ಕೇಳಿ. ಫಿಲಿಬೆರ್ತೊ ಅವರ ಮುತ್ತಜ್ಜ ಮೂರನೆಯ ವಿಟ್ಟೋರಿಯೊ ಎಮಾನುಯೆಲೆ 1922ರಲ್ಲಿ ಮುಸೊಲಿನಿಯನ್ನು ಕರೆದು ಪ್ರಧಾನಿ ಮಾಡಿದರು. ಅದಕ್ಕೆ ಪ್ರತಿಫಲವಾಗಿ ಇಥಿಯೋಪಿಯಾದ ಚಕ್ರವರ್ತಿ, ಅಲ್ಬೇನಿಯಾದ ರಾಜ ಎಂಬ ಎರಡು ಹೆಚ್ಚಿನ ಬಿರುದು ಬಂದವು. 1938ರಲ್ಲಿ ಯಹೂದಿಗಳ ವಿರುದ್ಧದ ಕಾನೂನಿಗೆ ಸಹಿ ಹಾಕಿದರು. 1943ರಲ್ಲಿ ಜರ್ಮನರು ರೋಮ್ ಕಡೆಗೆ ಬಂದಾಗ ರಾಜಧಾನಿಯನ್ನೂ ಸೈನ್ಯವನ್ನೂ ಇದ್ದಲ್ಲೇ ಬಿಟ್ಟು ದಕ್ಷಿಣದ ಬ್ರಿಂಡಿಸಿಗೆ ಹೊರಟರು. ಜನಮತಕ್ಕೆ ಇನ್ನೇನು ಮೂರು ವಾರ ಇದೆ ಎನ್ನುವಾಗ ಮಗ ಉಂಬೆರ್ತೊಗೆ ಪಟ್ಟ ಬಿಟ್ಟುಕೊಟ್ಟರು. ಹೊಸ ಮುಖ ನೋಡಿ ಜನ ಮರೆತಾರು ಎಂಬ ಲೆಕ್ಕ. ಜನ ಮರೆಯಲಿಲ್ಲ. ಗಣರಾಜ್ಯಕ್ಕೆ ಸುಮಾರು 1 ಕೋಟಿ 27 ಲಕ್ಷ ಮತ, ರಾಜನಿಗೆ 1 ಕೋಟಿ 7 ಲಕ್ಷ. ಒಂದು ತಿಂಗಳು ಚಿಲ್ಲರೆ ದಿನ ಆಳಿದ ಉಂಬೆರ್ತೊಗೆ 'ಮೇ ತಿಂಗಳ ರಾಜ' ಎಂಬ ಹೆಸರು ಉಳಿಯಿತು. ಅವರು ಪೋರ್ಚುಗಲ್‌ಗೆ ಹೋದರು. ರಾಜನ ವಂಶದ ಗಂಡು ಮಕ್ಕಳು ಇಟಲಿಯ ನೆಲ ಮೆಟ್ಟಕೂಡದು ಎಂದು ಸಂವಿಧಾನದಲ್ಲೇ ಬರೆದಾಯಿತು.

ಹೀಗಾಗಿ ಜಿನೀವಾದಲ್ಲಿ ಹುಟ್ಟಿದ ಎಮಾನುಯೆಲೆ ಫಿಲಿಬೆರ್ತೊ ತಮ್ಮ 'ರಾಜ್ಯ'ಕ್ಕೆ ಕಾಲಿಟ್ಟಿದ್ದು ಮೂವತ್ತನೆಯ ವಯಸ್ಸಿಗೆ, 2002ರಲ್ಲಿ ಆ ನಿಷೇಧ ತೆರವಾದ ಮೇಲೆ. ಅದಕ್ಕೂ ಮುಂಚೆ ಅಪ್ಪ ಮಗ ಇಬ್ಬರೂ ಗಣರಾಜ್ಯದ ಸಂವಿಧಾನಕ್ಕೆ ನಾವು ನಿಷ್ಠರು ಎಂದು ಬರೆದುಕೊಟ್ಟಿದ್ದರು. ರಾಜನೇ ರಾಜನಿಲ್ಲದ ವ್ಯವಸ್ಥೆಗೆ ಜೈ ಎಂದ ಮೇಲೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅಲ್ಲಿಂದಲೇ ಶುರುವಾಯಿತು.

2004ರ ಮೇ ತಿಂಗಳು. ಸ್ಪೇನಿನ ಯುವರಾಜ ಫೆಲಿಪೆಯ ಮದುವೆ. ಮದುವೆಯ ಸಡಗರದಲ್ಲಿ ಮ್ಯಾಡ್ರಿಡ್‌ನ ಅರಮನೆಯಲ್ಲಿ ಔತಣ. ಕಿರೀಟ ಇದ್ದವರು, ಕಳೆದುಕೊಂಡವರು ಎಲ್ಲರೂ ಸೇರಿದ್ದರು. ಫಿಲಿಬೆರ್ತೊ ಅವರ ಅಪ್ಪ ವಿಟ್ಟೋರಿಯೊ ಎಮಾನುಯೆಲೆಗೆ ದಾಯಾದಿ ಅಮೆದೆಯೊ, ಅಂದರೆ ಐಮೊನೆಯ ಅಪ್ಪ, ಎದುರಾದರು. ಮಾತು ಎಷ್ಟು ನಡೆಯಿತೋ, ಅಮೆದೆಯೊ ಮುಖಕ್ಕೆ ಎರಡು ಗುದ್ದು ಬಿದ್ದವು ಎಂದು ಪತ್ರಿಕೆಗಳು ವರದಿ ಮಾಡಿದವು. ಮೆಟ್ಟಿಲಿನಿಂದ ಉರುಳಲಿದ್ದ ಅಮೆದೆಯೊ ಅವರನ್ನು ಹಿಡಿದು ನಿಲ್ಲಿಸಿದವರು ಗ್ರೀಸಿನ ಮಾಜಿ ರಾಣಿ ಆನ್ ಮೇರಿಯಂತೆ. ಗ್ರೀಕರೂ ತಮ್ಮ ಸಿಂಹಾಸನವನ್ನು 1974ರಲ್ಲೇ ಮತ ಹಾಕಿ ಕಳಿಸಿದ್ದರು. ಇಲ್ಲದ ರಾಜ್ಯದ ರಾಜ ಇಲ್ಲದ ರಾಜ್ಯದ ಇನ್ನೊಬ್ಬ ರಾಜನಿಗೆ ಗುದ್ದಿ, ಇಲ್ಲದ ರಾಜ್ಯದ ರಾಣಿ ಬಂದು ಬಿಡಿಸಿದ ಈ ಮಹಾಯುದ್ಧದಲ್ಲಿ ಪ್ರಜೆಗಳಿಗೆ ಹಾನಿಯಾಗಲಿಲ್ಲ. ಇತಿಹಾಸದಲ್ಲಿ ಇಷ್ಟು ಅಗ್ಗದ ಉತ್ತರಾಧಿಕಾರ ಸಮರ ಬೇರೆ ಇಲ್ಲ.

ಅಮೆದೆಯೊ ಅವರ ವಂಶವೃಕ್ಷವನ್ನೂ ಒಮ್ಮೆ ನೋಡಬೇಕು. ಮುತ್ತಜ್ಜ ಸ್ಪೇನಿಗೆ ರಾಜನಾಗಿ ಹೋಗಿ, ಎರಡು ವರ್ಷ ಕಳೆಯುವಷ್ಟರಲ್ಲಿ ಈ ಜನರ ಸಹವಾಸ ಸಾಕಪ್ಪಾ ಎಂದು 1873ರಲ್ಲಿ ಪಟ್ಟ ಬಿಟ್ಟು ವಾಪಸು ಬಂದವರು. ಅಪ್ಪ 1941ರಲ್ಲಿ ಕ್ರೊಯೇಷಿಯಾದ ರಾಜ ಎನಿಸಿಕೊಂಡು, ಆ ದೇಶಕ್ಕೆ ಒಮ್ಮೆಯೂ ಕಾಲಿಡದೆ ಎರಡು ವರ್ಷ 'ಆಳಿ', ಅದನ್ನೂ ಬಿಟ್ಟವರು. ಇಂಥ ಅನುಭವಿ ಮನೆತನಕ್ಕೆ ಇಲ್ಲದ ಸಿಂಹಾಸನ ನಿಭಾಯಿಸುವ ಅರ್ಹತೆ ಇಲ್ಲ ಎನ್ನಲು ನನಗೆ ಧೈರ್ಯವಿಲ್ಲ.

ಜಗಳದ ಮೂಲ ಒಂದು ಮದುವೆ. ವಿಟ್ಟೋರಿಯೊ ಎಮಾನುಯೆಲೆ ಅಪ್ಪನ ಒಪ್ಪಿಗೆಯಿಲ್ಲದೆ ಸ್ವಿಟ್ಜರ್ಲೆಂಡಿನ ವಾಟರ್ ಸ್ಕೀಯಿಂಗ್ ತಾರೆಯನ್ನು ಮದುವೆಯಾದರು. ಒಪ್ಪಿಗೆಯಿಲ್ಲದ ಮದುವೆಯಿಂದ ಪಟ್ಟದ ಹಕ್ಕು ಹೋಯಿತು, ಆದ್ದರಿಂದ ಮನೆತನದ ಯಜಮಾನ ನಾನು ಎಂದು ಅಮೆದೆಯೊ 2006ರಲ್ಲಿ ಘೋಷಿಸಿದರು. ಯಜಮಾನಿಕೆಯಿಂದ ಸಿಗುವುದೇನು ಎನ್ನುತ್ತೀರಾ? ರಾಜ್ಯವಿಲ್ಲ, ಕಂದಾಯವಿಲ್ಲ. ಬಿರುದು ಹಂಚುವ ಅಧಿಕಾರ ಮಾತ್ರ ಉಂಟು. ಸಂತ ಮೌರಿಸ್ ಮತ್ತು ಲಾಜರಸ್‌ರ ಹೆಸರಿನ ಹಳೆಯ ರಾಜಸಂಸ್ಥೆಯ ಪದಕ ಇಂದಿಗೂ ಈ ಮನೆತನದ ಕೈಯಿಂದ ಜನರ ಕೊರಳಿಗೆ ಬೀಳುತ್ತದೆ. ದೇಶ ಹೋದರೂ ಬಿರುದು ಬೇಕೆನ್ನುವವರ ಸಂತತಿ ಹೋಗುವುದಿಲ್ಲ. ರಾಜರನ್ನು ಬದುಕಿಸಿಟ್ಟಿರುವುದೇ ಆ ಕೊರಳುಗಳು. ಇಟಲಿಯ ಸಂವಿಧಾನ ಇಲ್ಲೂ ಒಂದು ಚೇಷ್ಟೆ ಮಾಡಿದೆ. ಶ್ರೀಮಂತ ಬಿರುದುಗಳಿಗೆ ಮಾನ್ಯತೆ ಇಲ್ಲ ಎಂದ ಅದೇ ಉಸಿರಿನಲ್ಲಿ ಈ ಮೌರಿಸ್ ಸಂಸ್ಥೆಯನ್ನು ಆಸ್ಪತ್ರೆ ನಡೆಸುವ ಸಂಸ್ಥೆಯಾಗಿ ಉಳಿಸಿಕೊಳ್ಳುತ್ತೇವೆ ಎಂದಿತು. ಒಬ್ಬ ಸಂತನ ಹೆಸರಿನಲ್ಲಿ ಎರಡು ಸೇವೆ: ಒಂದು ಕಡೆ ಕಾಯಿಲೆ ವಾಸಿ ಮಾಡುತ್ತಾರೆ, ಇನ್ನೊಂದು ಕಡೆ ಬಿರುದಿನ ಕಾಯಿಲೆಗೆ ಪದಕ ಕೊಡುತ್ತಾರೆ.

2007ರಲ್ಲಿ ಫಿಲಿಬೆರ್ತೊ ಮತ್ತು ಅವರ ಅಪ್ಪನಿಗೆ ಇನ್ನೊಂದು ಹೊಳೆಯಿತು. ದೇಶದಿಂದ ಹೊರಗಿಟ್ಟ ನೋವಿಗೆ 26 ಕೋಟಿ ಯೂರೊ ಪರಿಹಾರ, ಜೊತೆಗೆ ಮುಟ್ಟುಗೋಲಾದ ಆಸ್ತಿ ವಾಪಸು ಕೊಡಿ ಎಂದು ಸರ್ಕಾರವನ್ನು ಕೇಳಿದರು. ನಿಮ್ಮ ಮನೆತನ ದೇಶಕ್ಕೆ ಮಾಡಿದ ನಷ್ಟಕ್ಕೆ ನಾವೇ ನಿಮ್ಮಿಂದ ಪರಿಹಾರ ಕೇಳಬೇಕಾದೀತು ಎಂದಿತು ಸರ್ಕಾರ.

ಪರಿಹಾರ ಬಾರದಿದ್ದರೆ ದುಡಿಯಬೇಕು. ಮಗ ದುಡಿದರು, ಅದನ್ನು ಮೆಚ್ಚಲೇಬೇಕು. 2009ರಲ್ಲಿ ಟಿವಿಯ ನೃತ್ಯ ಸ್ಪರ್ಧೆಯಲ್ಲಿ ಗೆದ್ದರು. ಅದೇ ವರ್ಷ ಯುರೋಪಿನ ಸಂಸತ್ತಿನ ಚುನಾವಣೆಗೆ ನಿಂತು ಸೋತರು. ಕಾಲಿಗೆ ಮತ ಬೀಳುತ್ತದೆ, ತಲೆಗೆ ಬೀಳುವುದಿಲ್ಲ ಎಂದು ಅರ್ಥವಾಗಿರಬೇಕು. 2010ರಲ್ಲಿ ಸಾನ್ ರೆಮೊ ಗಾಯನೋತ್ಸವಕ್ಕೆ ಇಬ್ಬರು ಗಾಯಕರ ಜೊತೆ ದೇಶಪ್ರೇಮದ ಹಾಡು ಹಿಡಿದು ಬಂದರು. ಹಾಡು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಜನ ಮನೆಯಿಂದ ಫೋನ್ ಮತ ಹಾಕಿ ಎಬ್ಬಿಸಿ, ಎರಡನೆಯ ಸ್ಥಾನದವರೆಗೆ ಎಳೆದು ತಂದರು. 1946ರಲ್ಲಿ ಮತಪೆಟ್ಟಿಗೆಯಲ್ಲಿ ಸೋತ ವಂಶಕ್ಕೆ ಫೋನಿನಲ್ಲಿ ಬಂದ ಜಯ ಇದು. ಪಕ್ಕದಲ್ಲಿದ್ದ ವಾದ್ಯವೃಂದಕ್ಕೆ ಮಾತ್ರ ಸಹಿಸಲಾಗಲಿಲ್ಲ. ಫಲಿತಾಂಶ ಕೇಳಿ ಸ್ವರಲಿಪಿಯ ಹಾಳೆಗಳನ್ನು ವೇದಿಕೆಗೆ ಎಸೆದರು. ಮುಂದೆ ಫಿಲಿಬೆರ್ತೊ ಲಾಸ್ ಏಂಜಲೀಸ್‌ನಲ್ಲಿ 'ಪ್ರಿನ್ಸ್ ಆಫ್ ವೆನಿಸ್' ಎಂದು ಹೆಸರು ಬರೆಸಿ ಪಾಸ್ತಾ ಮಾರುವ ಗಾಡಿ ಇಳಿಸಿದರು. ನನ್ನ ಮಟ್ಟಿಗೆ ಈ ವಂಶದ ಬಿರುದುಗಳಲ್ಲಿ ಜನರ ಹೊಟ್ಟೆ ತುಂಬಿಸಿದ್ದು ಇದೊಂದೇ. 2021ರಲ್ಲಿ ಅದೇ ಫಿಲಿಬೆರ್ತೊ, ಮುತ್ತಜ್ಜ ಸಹಿ ಹಾಕಿದ 1938ರ ಕಾನೂನಿಗಾಗಿ ಇಟಲಿಯ ಯಹೂದಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಅದು ಗೇಲಿಯ ವಿಷಯವಲ್ಲ, ಅದಕ್ಕೆ ಇಲ್ಲಿ ಗೇಲಿ ಇಲ್ಲ.

ಗೇಲಿಗೆ ಬೇಕಾದಷ್ಟು ಬೇರೆ ಉಂಟು. ಗಂಡು ಮಕ್ಕಳಿಗಷ್ಟೇ ಪಟ್ಟ ಎಂಬ ಶತಮಾನಗಳ ನಿಯಮವನ್ನು ವಿಟ್ಟೋರಿಯೊ ಎಮಾನುಯೆಲೆ ಸಾಯುವುದಕ್ಕೆ ಕೆಲವು ವರ್ಷ ಮುಂಚೆ ತಿದ್ದಿ, ಮೊಮ್ಮಗಳು ವಿಟ್ಟೋರಿಯಾಗೂ ಹಕ್ಕು ಕೊಟ್ಟರು. ಹೆಣ್ಣಿಗೆ ಸಮಾನತೆ, ಸಂತೋಷ. ಆಸ್ತಿಯೇ ಇಲ್ಲದಿದ್ದಾಗ ಹೆಣ್ಣು ಮಕ್ಕಳಿಗೆ ಸಮಪಾಲು ಬರೆಯುವ ಉದಾರಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಐಮೊನೆಯ ಕವಲು ಇದು ಅಕ್ರಮ ಎಂದಿತು. ಕಾನೂನೇ ಇಲ್ಲದ ಕಡೆ ತಿದ್ದುಪಡಿ. ಆ ತಿದ್ದುಪಡಿಗೆ ಆಕ್ಷೇಪಣೆ! ಇನ್ನು ಫಿಲಿಬೆರ್ತೊ ಅವರಂತೂ ಮಗಳು ಸಿದ್ಧವಾದ ಮೇಲೆ ಅವಳಿಗಾಗಿ ಪಟ್ಟ ತ್ಯಾಗ ಮಾಡುತ್ತೇನೆ ಎಂದು 2023ರಲ್ಲೇ ಹೇಳಿದ್ದಾರೆ. ಮಗಳು ಸಿದ್ಧವಾಗಲು ಇನ್ನೆಷ್ಟು ಕಾಲ ಹಿಡಿಯುವುದೋ, ಪಟ್ಟ ಸಿದ್ಧವಾಗಲು ಎಷ್ಟು ಹಿಡಿಯುವುದೋ!

ಉಳಿದದ್ದು ಒಡವೆ. ಆರು ಸಾವಿರಕ್ಕೂ ಹೆಚ್ಚು ವಜ್ರ, ಸುಮಾರು ಎರಡು ಸಾವಿರ ಮುತ್ತು. 1946ರ ಜೂನ್ 5ರಂದು ಅರಮನೆಯ ಅಧಿಕಾರಿ ಇವನ್ನು ಇಟಲಿಯ ಕೇಂದ್ರ ಬ್ಯಾಂಕಿಗೆ ಒಪ್ಪಿಸಿ, ಹಕ್ಕು ಯಾರದ್ದೋ ಅವರಿಗಾಗಿ ಇಟ್ಟುಕೊಂಡಿರಿ ಎಂಬರ್ಥದ ರಸೀದಿ ಪಡೆದರು. ಯಾರ ಹೆಸರೂ ಬರೆಯಲಿಲ್ಲ. ಮುಕ್ಕಾಲು ಶತಮಾನ ಪೆಟ್ಟಿಗೆ ಕತ್ತಲಲ್ಲೇ ಇತ್ತು. ಕೊನೆಗೆ ಸವೋಯಾದವರು 2022ರಲ್ಲಿ ಕೋರ್ಟಿಗೆ ಹೋದರು. 2025ರಲ್ಲಿ ರೋಮ್‌ನ ನ್ಯಾಯಾಲಯ ಒಡವೆಗಳು ಸರ್ಕಾರದ್ದೇ ಎಂದು ಅರ್ಜಿಯನ್ನು ತಳ್ಳಿತು. ಸೋತವರಿಗೆ ಇದರಲ್ಲೂ ಒಂದು ಲಾಭವಿದೆ. ಪೆಟ್ಟಿಗೆ ಕೈಗೆ ಬಂದಿದ್ದರೆ ಬೀಗದ ಕೈ ಯಾವ ಕವಲಿನ ಬಳಿ ಇರಬೇಕು ಎಂದು ತೀರ್ಮಾನಿಸಲು ಯುರೋಪಿನಲ್ಲಿ ಇನ್ನೊಂದು ರಾಜಮನೆತನದ ಮದುವೆ ಹುಡುಕಬೇಕಾಗುತ್ತಿತ್ತು.