ಮಡುವಿನ ನಿವಾಸಿಗೊಂದು ತಿಳಿವಳಿಕೆ ಪತ್ರ

ಮಾನ್ಯ ಗೂನುಬೆನ್ನಿನ ಮಹಶೀರ್ ಅವರಿಗೆ,
ಸಂಗಮದ ಕೆಳಗಿನ ಮಡು, ಕಾವೇರಿ ಹೊಳೆ (ಇನ್ನೂ ಅಲ್ಲೇ ಇದ್ದರೆ).

ವಿಷಯ: ತಮ್ಮ ವಾಸಸ್ಥಳದ ಅಭಿವೃದ್ಧಿ ಕುರಿತು.

ಮೊದಲಿಗೆ ಅಭಿನಂದನೆ. ಬ್ರಿಟಿಷರ ಕಾಲದಿಂದಲೂ ಗಾಳದ ಶೋಕಿಯವರು ತಮ್ಮನ್ನು ಅರಸಿ ಬರುತ್ತಿದ್ದರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ತಮ್ಮ ಹಿರಿಯರೊಬ್ಬರು 120 ಪೌಂಡ್ ತೂಗಿದ್ದರು. ಇಷ್ಟು ಹೆಸರುವಾಸಿಯಾದರೂ ತಾವು ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ದರ್ಜೆಯೂ ಸಿಕ್ಕಿತು. ಆಧಾರ್ ಕಾರ್ಡೂ ಮರಣ ಪ್ರಮಾಣಪತ್ರದ ಅರ್ಜಿಯೂ ಒಂದೇ ಕೌಂಟರಿನಲ್ಲಿ ಸಿಗುವ ಭಾಗ್ಯ ನಮಗೂ ಇಲ್ಲ.

ಇನ್ನು ನೀರಿನ ಪಾಲು. 2007ರಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ರಾಜ್ಯಗಳಿಗೆ 740 ಟಿಎಂಸಿ ಹಂಚುವಾಗ ತಮ್ಮನ್ನು ಮರೆಯಲಿಲ್ಲ. ಪರಿಸರಕ್ಕೆಂದು 10 ಟಿಎಂಸಿ ಎತ್ತಿಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಕೈಹಾಕಲಿಲ್ಲ. ತಮಿಳುನಾಡಿಗೆ ಹರಿಯುವ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ವೇಳಾಪಟ್ಟಿ ನೋಡಿ: ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ ಟಿಎಂಸಿ. ಮಹಶೀರ್ ಕುಲದವರು ಮೊಟ್ಟೆಯಿಡಲು ಹೊಳೆ ಹತ್ತುವುದು ಮಳೆಗಾಲದ ಹೊಸನೀರಿಗೆ ಎಂಬ ತಕರಾರಿದ್ದರೆ, ಹೆರಿಗೆಯ ತಿಂಗಳನ್ನು ಪಟ್ಟಿಗೆ ಹೊಂದಿಸಿಕೊಳ್ಳತಕ್ಕದ್ದು.

ಮೇಕೆದಾಟುವಿನಲ್ಲಿ 67.16 ಟಿಎಂಸಿಯ ಜಲಾಶಯ ಬರಲಿದೆಯಂತೆ. ಸುಮಾರು 5,000 ಹೆಕ್ಟೇರ್ ಮುಳುಗಡೆ, ಬಹುಪಾಲು ಕಾವೇರಿ ವನ್ಯಧಾಮದ ಕಾಡು. ಆನೆಗಳ ಗತಿಯೇನು ಎಂದು ಕೇಳುವವರಿದ್ದಾರೆ. ಮೀನಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ. ನೀರೇ ಹೆಚ್ಚಾಯಿತಲ್ಲ! ನಿಂತ ನೀರಿನಲ್ಲಿ ಹೂಳು ಕೂತು ಹರಳುಕಲ್ಲಿನ ತಳ ಮುಚ್ಚಿಹೋಗುತ್ತದೆ, ಅದರೊಳಗಿನ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಅಣೆಕಟ್ಟೆಯ ಕೆಳಗೋ, ಊರಿನವರು ಸಂಜೆ ದೀಪ ಹಾಕಿದಾಗ ವಿದ್ಯುತ್ತಿಗಾಗಿ ಬಿಟ್ಟ ನೀರಿಗೆ ಹೊಳೆ ಏರಿ, ಮಲಗಿದಾಗ ಇಳಿಯುತ್ತದೆ. ಇಂಥ ಸಣ್ಣಪುಟ್ಟ ಅನನುಕೂಲವನ್ನು ನಾಡಿನ ಹಿತಕ್ಕಾಗಿ ಸಹಿಸಬೇಕು.

ತಮ್ಮನ್ನು ನಾವು ಅಲಕ್ಷಿಸಿದ್ದೇವೆ ಅನ್ನಬೇಡಿ. ಮಹಶೀರ್ ಕಡಿಮೆಯಾಯಿತೆಂದು ಲೋಣಾವಲಾದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟೆವು. ಅವರು ಬೆಳೆದರು, ತಾವು ಇನ್ನಷ್ಟು ಕಡಿಮೆಯಾದಿರಿ. ಲೆಕ್ಕದಲ್ಲಿ ಮಾತ್ರ ಮಹಶೀರ್ ಹೆಚ್ಚಾಗಿದೆ.

ನಾವು ಬೆಂಗಳೂರಿನವರು ಪಡೆದದ್ದನ್ನು ಇಟ್ಟುಕೊಳ್ಳುವ ಜನವೂ ಅಲ್ಲ. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಗುಡ್ಡ ಹತ್ತಿಸಿದ ನೀರಿನಲ್ಲಿ ಮಿಂದು, ಪಾತ್ರೆ ತೊಳೆದು, ಫ್ಲಶ್ ಮಾಡಿ, ವೃಷಭಾವತಿಗೆ ಬಿಡುತ್ತೇವೆ. ಅದು ಅರ್ಕಾವತಿ ಸೇರಿ ಸಂಗಮದಲ್ಲಿ ತಮಗೇ ತಲುಪುತ್ತದೆ, ನೊರೆ ಸಮೇತ.

ಯಾವ ಮಡು ಉಳಿಯಬೇಕು, ಯಾವ ತೊರೆ ತೆರೆದಿರಬೇಕು, ಮುಂಗಾರಿನ ಯಾವ ವಾರ ಎಷ್ಟು ನೀರು ಹರಿಯಬೇಕು ಎಂದು ತೀರ್ಮಾನಿಸಿದ ಮೇಲಷ್ಟೇ ಕಟ್ಟೆಯ ಎತ್ತರ ಬರೆಯಬೇಕು ಎನ್ನುವ ಕೆಲವರಿದ್ದಾರೆ. ನಮ್ಮ ಪದ್ಧತಿ ಬೇರೆ: ಮೊದಲು ಎತ್ತರ, ಆಮೇಲೆ ಮೀನು.

ಆಕ್ಷೇಪಣೆಯಿದ್ದಲ್ಲಿ ಅಹವಾಲು ಸಭೆಗೆ ಖುದ್ದು ಹಾಜರಾಗಿ. ಕರ್ನಾಟಕದವರೋ ತಮಿಳುನಾಡಿನವರೋ ಎಂಬುದಕ್ಕೆ ವಾಸಸ್ಥಳ ದೃಢೀಕರಣ ಪತ್ರ ಕಡ್ಡಾಯ. ತಮಿಳುನಾಡಿನ ಮೋಯಾರ್ ನದಿಯಲ್ಲಿ ತಮಗೆ ನೆಂಟರಿರುವುದು ಸ್ವಲ್ಪ ತೊಡಕಾದೀತು.

ಇಂತಿ,
ಕಾವೇರಿ ಕುಡಿಯುವ ನೀರಿನ ಐದನೇ ಹಂತದ ಫಲಾನುಭವಿ