ಕಾಂಪೌಂಡ್ ದಾಟಿದ ಕಾದಂಬರಿ

ಮಲ್ಲೇಶ್ವರದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಕರಿಬೇವು, ಹುಳಿಯ ಪಾತ್ರೆ, ಪಂಚಾಂಗ ಎಲ್ಲ ಅದರ ಮೇಲೇ ದಾಟುತ್ತವೆ. ಮೊನ್ನೆ ದಾಟಿದ್ದು ಚೇತನ್ ಭಗತ್ ಬರೆದ ‘ಟೂ ಸ್ಟೇಟ್ಸ್’. 2009ರ ಇಂಗ್ಲಿಷ್ ಕಾದಂಬರಿ. ಹಾಸನದ ಕಡೆಯಿಂದ ಇಂಜಿನಿಯರಿಂಗ್ ಓದಲು ಬಂದು ನಮ್ಮಲ್ಲಿದ್ದ ಅಕ್ಕನ ಮಗ ಬಿಟ್ಟುಹೋದ ಪ್ರತಿ ಅದು. ಬೀರು ಒರೆಸುವಾಗ ಸಿಕ್ಕಿತು. “ಮಾಮಿ, ನಿಮ್ಮೂರಿನ ಕಥೆ, ಓದಿ ನೋಡಿ” ಅಂತ ಕೊಟ್ಟೆ. ಮಾಮಿ ಮದುವೆಯಾಗಿ ಮೈಲಾಪುರದಿಂದ ಬೆಂಗಳೂರಿಗೆ ಬಂದವರು. ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಸರಾಗವಾಗಿ ಓದುತ್ತಾರೆ.

ಮೂರನೇ ದಿನ ಪುಸ್ತಕ ಗೋಡೆಯ ಮೇಲೆ ಬಂದು ಕೂತಿತು. ಮಾಮಿಯ ಮುಖ ಕೆಂಪಾಗಿತ್ತು. “ಏನಮ್ಮಾ, ನಾವು ಹೀಗಾ? ಮನೆಗೆ ಬಂದ ಹುಡುಗನ ಹತ್ತಿರ ಬಾಯಿ ಬಿಡದೆ ಕೂತಿರ್ತೀವಾ?”

ಕಥೆ ಇಷ್ಟೇ. ದೆಹಲಿಯ ಪಂಜಾಬಿ ಹುಡುಗ ಕ್ರಿಶ್, ಚೆನ್ನೈನ ತಮಿಳು ಬ್ರಾಹ್ಮಣರ ಹುಡುಗಿ ಅನನ್ಯಾ. ಅಹಮದಾಬಾದಿನ ಐಐಎಂನಲ್ಲಿ, ಮೆಸ್ಸಿನ ಸಾಂಬಾರಿನ ಜಗಳದಲ್ಲಿ ಪರಿಚಯ. ಇಬ್ಬರಿಗೂ ಓಡಿಹೋಗುವುದು ಬೇಡ, ಎರಡೂ ಮನೆಯವರು ಒಪ್ಪಿಯೇ ಮದುವೆಯಾಗಬೇಕು. ಆ ಒಪ್ಪಿಗೆಗಾಗಿ ಹುಡುಗ ಚೆನ್ನೈಗೆ ಕೆಲಸ ಹಾಕಿಸಿಕೊಂಡು ಹೋಗುತ್ತಾನೆ, ಆಮೇಲೆ ಹುಡುಗಿ ದೆಹಲಿಗೆ ಬರುತ್ತಾಳೆ.

ಮಾಮಿಯ ಸಿಟ್ಟೆಲ್ಲ ಚೆನ್ನೈ ಭಾಗದ ಮೇಲೆ. “ನಮ್ಮಪ್ಪ ಊಟದ ಹೊತ್ತಲ್ಲಿ ಮಾತಾಡ್ತಿರಲಿಲ್ಲ, ಒಪ್ತೀನಿ. ಆದರೆ ಯಾರ ಎಲೆಯಲ್ಲಿ ಏನು ಖಾಲಿಯಾಗಿದೆ ಅಂತ ಅವರ ಕಣ್ಣು ಸುತ್ತುತ್ತಾನೇ ಇರ್ತಿತ್ತು. ಆ ಮೌನ ಕಂಡವನಿಗೆ ಆ ಕಣ್ಣು ಕಾಣಲಿಲ್ಲವಲ್ಲ!” ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈ ಪುಸ್ತಕದ ಬಗ್ಗೆ ಕೇಳಿಲ್ಲ.

ಮೈಬಣ್ಣದ ತಮಾಷೆಗಳು ನನಗೂ ಹಿಡಿಸಲಿಲ್ಲ. ಹುಡುಗನ ತಾಯಿ ಕವಿತಾ ‘ಮದ್ರಾಸಿ’ ಹುಡುಗಿಯರ ಬಗ್ಗೆ ಏನೇನೋ ಅಂದರೆ ಅದು ಆ ಪಾತ್ರದ ಸ್ವಭಾವ. ಅಂಥ ತಾಯಂದಿರು ಇದ್ದಾರೆ. ಆದರೆ ಚೆನ್ನೈಗೆ ಬಂದಿಳಿದ ಹುಡುಗ ತಾನೇ ಕಥೆ ಹೇಳುತ್ತಾ ಅಲ್ಲಿಯವರ ಕಪ್ಪು ಬಣ್ಣವನ್ನು ಆಡಿಕೊಂಡಾಗ, ಅದನ್ನು ತಿದ್ದುವವರು ಪುಸ್ತಕದಲ್ಲಿ ಯಾರೂ ಇಲ್ಲ. ನಗು ಬರಿಸುವ ಕಾದಂಬರಿಗೂ ಮರ್ಯಾದೆ ಬೇಕು.

ನಮ್ಮ ಮಹಡಿ ಮನೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಇದ್ದಾರೆ. ಮಾತು ಕೇಳಿ ಇಳಿದು ಬಂದರು. “ಅದನ್ನ ಸಾಹಿತ್ಯ ಅಂತ ಕರೀಬೇಡಿ. ಭಾಷೆ ಸಪ್ಪೆ, ಊರುಗಳೂ ಸಪ್ಪೆ. ಮೂರು ನಗರ ಸುತ್ತಿದರೂ ಒಂದು ಬೀದಿಯಾದರೂ ಕಣ್ಣಿಗೆ ಕಟ್ಟುತ್ತಾ?” ಬೀದಿಯ ಮಾತು ನಿಜ. ಹಾಸ್ಟೆಲು, ಆಫೀಸು, ಹೋಟೆಲು ಬಿಟ್ಟರೆ ಊರಿನ ವಾಸನೆ ಅದರಲ್ಲಿ ಕಡಿಮೆ.

ಆದರೆ ಭಾಷೆಯ ಮಾತಿಗೆ ನಾನು ಸುಮ್ಮನಿರಲಿಲ್ಲ. ನಮ್ಮ ಹುಡುಗ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತದೆ ಅಂತ ಕೊನೇ ಬೆಂಚಿಗೆ ಹೋಗಿ ಕೂರುತ್ತಿದ್ದ. ಅವನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದ ಮೊದಲ ಇಂಗ್ಲಿಷ್ ಪುಸ್ತಕ ಇದು. ಬೆಲೆ ಆಗ 95 ರೂಪಾಯಿ. ನಿಘಂಟು ಮುಟ್ಟದೆ ಎರಡು ರಾತ್ರಿ ಓದಿದ. “ಚಿಕ್ಕಮ್ಮಾ, ಪೂರ್ತಿ ಅರ್ಥ ಆಯ್ತು!” ಅಂತ ಬೆಳಗ್ಗೆ ಅಡುಗೆಮನೆಗೆ ಬಂದು ಹೇಳಿದ ಮುಖ ನನಗೆ ಇನ್ನೂ ನೆನಪಿದೆ. ಮೇಷ್ಟ್ರೇ, ನೀವು ಸಪ್ಪೆ ಅನ್ನುವ ಆ ಭಾಷೆಯೇ ಅವನಿಗೆ ಬಾಗಿಲು ತೆಗೆಯಿತು ಅಂದೆ. ಮೇಷ್ಟ್ರು ವಾದ ಬೆಳೆಸಲಿಲ್ಲ.

ಈ ತಕರಾರು ಹೊಸದೂ ಅಲ್ಲ. ನಮ್ಮಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿಯವರ ಕಾದಂಬರಿ ತಂದು ಅನ್ನ ಬೇಯುವಷ್ಟರಲ್ಲಿ ಹತ್ತು ಪುಟ ಓದುತ್ತಿದ್ದಳು. ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಅಂತ ತಳ್ಳಿದವರು ಆಗಲೂ ಇದ್ದರು. ಭಗತ್ ತ್ರಿವೇಣಿ ಅಲ್ಲ, ಹೆಣ್ಣಿನ ಮನಸ್ಸಿನೊಳಗೆ ಅಷ್ಟು ದೂರ ಇವರು ಹೋಗುವುದಿಲ್ಲ. ಆದರೂ ಓದುವವರನ್ನು ನೋಡದೆ ಪುಸ್ತಕವನ್ನು ತಳ್ಳಿಬಿಡುವುದು ತಪ್ಪು.

ಸ್ವಲ್ಪ ಹೊತ್ತು ಬಿಟ್ಟು ಮಾಮಿ ಮತ್ತೆ ಪುಸ್ತಕ ತಿರುವಿದರು. “ಒಂದು ಕಡೆ ಮಾತ್ರ ಎರಡು ಸಲ ಓದಿದೆ ಕಣಮ್ಮಾ. ಆ ರಾಧಾ ಹಾಡ್ತಾಳಲ್ಲ, ಅಲ್ಲಿ.” ಅನನ್ಯಾಳ ತಾಯಿ ರಾಧಾ ಕರ್ನಾಟಕ ಸಂಗೀತ ಕಲಿಯುತ್ತಲೇ ಇರುತ್ತಾಳೆ, ಆದರೆ ಅವಳನ್ನು ಹಾಡು ಅಂತ ವೇದಿಕೆಗೆ ಕರೆಯುವವರಿಲ್ಲ. ಕ್ರಿಶ್ ತನ್ನ ಬ್ಯಾಂಕಿನ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಹರಿಹರನ್ ಹಾಡುವ ವೇದಿಕೆಗೇ ಅವಳನ್ನು ಹತ್ತಿಸುತ್ತಾನೆ. “ನಾನೂ ಮದುವೆಗೆ ಮುಂಚೆ ಆರು ವರ್ಷ ಕಲಿತಿದ್ದೆ. ಇಲ್ಲಿಗೆ ಬಂದ ಮೇಲೆ ನವರಾತ್ರಿ ಗೊಂಬೆ ಮುಂದೆ ಹಾಡಿದ್ದಷ್ಟೇ” ಅಂದರು ಮಾಮಿ. ಇಷ್ಟು ವರ್ಷದ ನೆರೆಯಲ್ಲಿ ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಚೇತನ್ ಭಗತ್ ದೆಹಲಿಯ ಪಂಜಾಬಿ, ಐಐಎಂನಲ್ಲಿ ಜೊತೆಗೆ ಓದಿದ ತಮಿಳು ಹುಡುಗಿಯನ್ನೇ ಮದುವೆಯಾದವರು, ಈ ಪುಸ್ತಕವನ್ನು ಅತ್ತೆ ಮಾವನಿಗೇ ಅರ್ಪಿಸಿದ್ದಾರೆ ಅಂತ ಹೇಳಿದೆ. ಮಾಮಿ ಅರ್ಪಣೆಯ ಪುಟ ತೆಗೆದು ನೋಡಿದರು. “ಮನೆಯವರ ಕೈಗೇ ಕೊಟ್ಟಿದ್ದಾನೆ ಅಂದರೆ ಪ್ರೀತಿ ಇದೆ ಬಿಡು” ಅಂದರು.

ನನ್ನ ಲೆಕ್ಕದಲ್ಲಿ ಈ ಕಾದಂಬರಿಯ ಜೀವ ಇರುವುದು ಹುಡುಗ ಹುಡುಗಿಯ ಪ್ರೇಮದಲ್ಲಲ್ಲ, ಕ್ರಿಶ್ ಮತ್ತು ಅವನ ಅಪ್ಪನ ನಡುವೆ. ಅಪ್ಪ ಸೈನ್ಯದಲ್ಲಿದ್ದವನು, ಮನೆಯಲ್ಲಿ ಸಿಡುಕ. ಮಗ ಅವನೊಂದಿಗೆ ಮಾತು ಬಿಟ್ಟಿದ್ದಾನೆ. ಎಲ್ಲ ಮುರಿದುಬಿತ್ತು ಅನ್ನುವಾಗ ಆ ಅಪ್ಪ ಯಾರಿಗೂ ಹೇಳದೆ ಒಬ್ಬನೇ ಚೆನ್ನೈಗೆ ಹೋಗಿ ಬೀಗರ ಮುಂದೆ ಕೂತು ಮಾತಾಡಿ ಬರುತ್ತಾನೆ. ಅಲ್ಲಿ ತಮಾಷೆಯಿಲ್ಲ, ಆಡಿಕೊಳ್ಳುವುದಿಲ್ಲ. ಪುಸ್ತಕ ನಿಮ್ಮ ಕೈಗೆ ಬಂದರೆ, ಉಳಿದದ್ದು ಹಿಡಿಸದಿದ್ದರೂ ಪರವಾಗಿಲ್ಲ, ಆ ಪುಟಗಳನ್ನು ಮಾತ್ರ ಬಿಡಬೇಡಿ.