ಗಾಳಿ ಬಿದ್ದ ಹೊತ್ತಿನ ನಾವಿಕ

ಈಜು ಬಾರದವನು ಕಡಲಿಗಿಳಿಯಬಾರದೆಂದು ಯಾವ ಧರ್ಮಶಾಸ್ತ್ರದಲ್ಲಿಯೂ ವಿಧಿಸಿದಂತೆ ನನಗೆ ತಿಳಿಯದು. ಕಡಲನ್ನು ದಾಟಬಾರದೆಂದು ಮಾತ್ರ ಹಿಂದಿನವರು ಹೇಳಿದ್ದಾರೆ. ಕಾರವಾರದಿಂದ ಮಲ್ಪೆಯವರೆಗೆ, ಸಹ್ಯಾದ್ರಿಯ ಸಾಲನ್ನು ಕಣ್ಣಳತೆಯಲ್ಲಿಯೇ ಇರಿಸಿಕೊಂಡು ಸಾಗುವುದನ್ನು ದಾಟುವುದೆಂದು ಕರೆಯಲಾಗದು ಎಂಬುದಾಗಿ ನನಗೆ ಅನುಕೂಲವಾದ ಭಾಷ್ಯವೊಂದನ್ನು ರಚಿಸಿಕೊಂಡು, ಅದನ್ನು ಮನೆಯಾಕೆಯ ಮುಂದೆ ಮಂಡಿಸಿ, ಆಕೆ “ವಿಮೆಯ ಕಾಗದ ಎಲ್ಲಿಟ್ಟಿದ್ದೀರಿ?” ಎಂಬ ಏಕೈಕ ಪೂರ್ವಪಕ್ಷವನ್ನು ಒಡ್ಡಲಾಗಿ, ಅದನ್ನು ಸಮ್ಮತಿಯೆಂದೇ ಭಾವಿಸಿ ನಾನು ಹೊರಟೆನು.

ಕರೆದವರು ನೌಕಾದಳದಿಂದ ನಿವೃತ್ತರಾದ ಮಿತ್ರರು. ಸಮವಯಸ್ಕರೆಲ್ಲ ನಿವೃತ್ತಿಯ ಹಣದಲ್ಲಿ ನಿವೇಶನ ಕೊಳ್ಳುತ್ತಿರಲು ಇವರು 28 ಅಡಿಯ ಹಾಯಿದೋಣಿಯೊಂದನ್ನು ಕೊಂಡರು. ಅದರೊಳಗಣ ಕೋಣೆಯಲ್ಲಿ ನಿಲ್ಲಬೇಕಾದರೆ ಬಾಗಬೇಕು, ಮಲಗಬೇಕಾದರೆ ಮಡಿಸಿಕೊಳ್ಳಬೇಕು. ಎಂಜಿನ್ ಉಂಟೇ ಎಂದು ಕೇಳಿದೆನು. ಉಂಟು, ಆದರೆ ಬಂದರಿನೊಳಗೆ ಹೊರತು ಅದನ್ನು ಮುಟ್ಟುವುದು ತಮ್ಮ ಮತಕ್ಕೆ ವಿರುದ್ಧವೆಂದರು. ನಮ್ಮೊಡನೆ ಹೊನ್ನಾವರದ ಕಡೆಯ ವೃದ್ಧ ತಾಂಡೇಲನೊಬ್ಬನಿದ್ದನು. ಮಿತಭಾಷಿ. ಆತನ ಮಿತಭಾಷೆಯ ಫಲವನ್ನು ಮುಂದೆ ನಾನೇ ಉಂಡೆನು.

ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದ ರವೀಂದ್ರರು, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯೇರಿ ವಿಹರಿಸಿ, ಈ ಊರಿನಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರಷ್ಟೆ. ಅದೇ ಜಲ, ಅದೇ ಗಾಳಿ; ನನ್ನಿಂದಲೂ ಏನಾದರೂ ಹೊರಬರಬಹುದೆಂಬ ನಿರೀಕ್ಷೆಯಿಂದ ಹೊಸ ನೋಟುಪುಸ್ತಕವನ್ನೇ ಒಯ್ದಿದ್ದೆನು. ದೇವಗಡ ದ್ವೀಪದ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭವು ಹಿಂದಾಗುವ ಮುನ್ನವೇ ಹೊರಬಂದಿತು, ಅದು ಸಾಹಿತ್ಯವಾಗಿರಲಿಲ್ಲ. ಗೋಕರ್ಣ, ಅಘನಾಶಿನಿಯ ಅಳಿವೆ, ಬಸವರಾಜದುರ್ಗ, ಇವುಗಳ ಸೌಂದರ್ಯವನ್ನು ವರ್ಣಿಸಲು ನಾನು ಅನರ್ಹನು. ಅವು ಹಾದುಹೋದಾಗ ನಾನು ನಿಂಬೆಹಣ್ಣನ್ನು ಮೂಸುತ್ತ, ತಲೆಯ ಮೇಲಿನ ಹಲಗೆಯೊಂದನ್ನೇ ಅವಲೋಕಿಸುತ್ತಿದ್ದೆನು.

ಮುರ್ಡೇಶ್ವರದ ಸಮೀಪದಲ್ಲಿ ಆರೋಗ್ಯವೂ, ಅದರ ಬೆನ್ನಿಗೇ ಅಹಂಕಾರವೂ ಮರಳಿದವು. ರಾತ್ರಿಯೆಲ್ಲ ಎಚ್ಚರವಿದ್ದ ಮಿತ್ರರು ಚುಕ್ಕಾಣಿಯ ಹಿಡಿಯನ್ನು ನನ್ನ ಕೈಗಿತ್ತು, “ಶಿವ ಎಡಗಡೆಗೇ ಇರಲಿ, ಅಷ್ಟು ನೋಡಿಕೊಳ್ಳಿ” ಎಂದು ಒಳಗೆ ಹೋಗಿ ಮಲಗಿದರು. ದಂಡೆಯ ಮೇಲಣ 123 ಅಡಿಯ ಶಿವಮೂರ್ತಿಯು ದೂರದಲ್ಲಿ ಬೆಳ್ಳನೆ ಹೊಳೆಯುತ್ತಿದ್ದಿತು. ಬಲಗಡೆಗೆ, ಹರಕೆಯ ಆಡುಗಳನ್ನು ಜನ ಬಿಟ್ಟುಬರುವ ನೇತ್ರಾಣಿ ದ್ವೀಪ. ದೇವರನ್ನು ಎಡಕ್ಕಿರಿಸಿಕೊಂಡು ಚಲಿಸುವುದು ಅಪ್ರದಕ್ಷಿಣೆಯಾಗುವುದಲ್ಲಾ ಎಂಬ ಅಳುಕು ಆಗಲೇ ನನ್ನಲ್ಲಿ ಮೊಳೆತಿದ್ದಿತು.

ಇಲ್ಲಿ ಗಾಳಿಯ ಧರ್ಮವನ್ನು ಕುರಿತು ಒಂದು ಮಾತು. ಚಳಿಗಾಲದಲ್ಲಿ ಈ ಕರಾವಳಿಯ ನೆಲವು ರಾತ್ರಿ ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ನೆಲಗಾಳಿ ಬೀಸುವುದು. ಹಗಲು ನೆಲ ಕಾದ ಮೇಲೆ ಮಧ್ಯಾಹ್ನಕ್ಕೆ ವಾಯವ್ಯದಿಂದ ಕಡಲಗಾಳಿ ಏಳುವುದು. ಇವೆರಡರ ನಡುವೆ, ಒಬ್ಬ ಗುಮಾಸ್ತ ಎದ್ದುಹೋಗಿ ಇನ್ನೊಬ್ಬ ಬಂದು ಕೂರುವವರೆಗೆ ಕಚೇರಿಯ ಕಿಟಕಿ ಶೂನ್ಯವಾಗಿರುವಂತೆ, ಯಾವ ಗಾಳಿಯೂ ಇಲ್ಲದ ಹೊತ್ತೊಂದುಂಟು. ನನ್ನ ಅಧಿಕಾರಾವಧಿಯು ನಿಷ್ಕೃಷ್ಟವಾಗಿ ಆ ಹೊತ್ತಿನಲ್ಲಿಯೇ ಆರಂಭವಾಯಿತು.

ಹಾಯಿ ಜೋತುಬಿದ್ದುದನ್ನು ನಾನು ಗಮನಿಸದಿರಲಿಲ್ಲ. ಅದನ್ನು ಪ್ರಶಾಂತತೆಯೆಂದು ಎಣಿಸಿದೆನು. ಸ್ವಲ್ಪ ಹೊತ್ತಿನಲ್ಲಿ ಎಡಕ್ಕಿದ್ದ ಶಿವನು ಮೆಲ್ಲನೆ ಹಿಂದಕ್ಕೆ ಸರಿದನು. ಶಿವ ಹಿಂದಾದನು, ಆದಕಾರಣ ನಾವು ಮುಂದಾದೆವು. ನ್ಯಾಯಶಾಸ್ತ್ರಕ್ಕೆ ಇದಕ್ಕಿಂತ ಶುದ್ಧವಾದ ಅನುಮಾನವಿಲ್ಲ. ನನ್ನ ನಾವಿಕಪ್ರತಿಭೆಗೆ ನಾನೇ ಬೆರಗಾಗುತ್ತಿರಲು, ಶಿವನು ಬಲಗಡೆಗೆ ಬಂದನು. ಭಗವಂತನು ಭಕ್ತನ ಅಳುಕನ್ನು ಅರಿತು ತಾನಾಗಿಯೇ ಬಲಕ್ಕೆ ದಯಮಾಡಿಸಿದನೆಂದು ಒಂದು ಕ್ಷಣ ಕಣ್ಣು ತುಂಬಿತು. ಆದರೆ ಬಲಕ್ಕೆ ಬಂದವನು ಅಲ್ಲಿ ನಿಲ್ಲದೆ ನೇರ ಎದುರಿಗೆ ಬರತೊಡಗಿದಾಗ ಭಕ್ತಿ ಭೀತಿಗೆ ತಿರುಗಿತು. ಶಿವನಿಗೆ ಪೂರ್ಣ ಪ್ರದಕ್ಷಿಣೆ ಸಲ್ಲದು. ಸೋಮಸೂತ್ರವನ್ನು ದಾಟದೆ ಬಂದ ದಾರಿಯಲ್ಲಿಯೇ ಹಿಂದಿರುಗಬೇಕೆಂಬುದು ನಂಜನಗೂಡಿನಲ್ಲಿ ಅಜ್ಜಿ ನನ್ನ ಕಿವಿ ಹಿಂಡಿ ಕಲಿಸಿದ ಪಾಠ. ಅಪಚಾರವನ್ನು ತಪ್ಪಿಸಲೋಸುಗ ನಾನು ಎದ್ದುನಿಂತು, ಪಂಚೆಯನ್ನು ಎತ್ತಿಕಟ್ಟಿ, ಚುಕ್ಕಾಣಿಯ ಹಿಡಿಯನ್ನು ಎರಡೂ ಕೈಗಳಿಂದ ಒಮ್ಮೆ ಅತ್ತ ನೂಕಿ ಒಮ್ಮೆ ಇತ್ತ ಜಗ್ಗಿ, “ನಿಲ್ಲು, ನಿಲ್ಲು” ಎಂದು ದೋಣಿಯನ್ನು ಉದ್ದೇಶಿಸಿಯೋ ದೇವರನ್ನು ಉದ್ದೇಶಿಸಿಯೋ ಕೂಗಿದೆನು. ಇಬ್ಬರೂ ಕೇಳಲಿಲ್ಲ. ದಿಕ್ಸೂಚಿಯು ಎದುರಿಗೇ ಇದ್ದಿತು; ಅದರ ಮೇಲೆ ನನ್ನ ಟೊಪ್ಪಿಗೆ ಇದ್ದಿತು.

ಅಷ್ಟರವರೆಗೆ ಗಾಳದ ದಾರವನ್ನು ಬಿಡಿಸುತ್ತ ಕುಳಿತಿದ್ದ ತಾಂಡೇಲನು ತಲೆಯೆತ್ತಿ, “ಒಡೆಯಾ, ದೋಣಿ ನಿಂತಲ್ಲೇ ತಿರುಗ್ತದೆ” ಎಂದನು. ನೀರನ್ನು ಸೀಳಿ ಸಾಗುವ ವೇಗವಿದ್ದ ಹೊರತು ಚುಕ್ಕಾಣಿಗೆ ಹಿಡಿತವೆಂಬುದೇ ಇರುವುದಿಲ್ಲವಂತೆ. ಮೊದಲೇ ಏಕೆ ಹೇಳಲಿಲ್ಲವೆಂದು ಗದರಿದೆನು. “ಗಾಳಿ ಇಲ್ದಾಗ ಯಾರು ಹಿಡಿದ್ರೂ ಒಂದೇ ಅಲ್ವಾ” ಎಂದು ಆತನು ದಾರಕ್ಕೆ ಮರಳಿದನು. ಅಂತೂ ನಾನು ಶಿವನಿಗೆ ಸುತ್ತು ಹಾಕಿರಲಿಲ್ಲ. ಶಾಸ್ತ್ರಸಮ್ಮತವಾದ ಆತ್ಮಪ್ರದಕ್ಷಿಣೆಯನ್ನು, ಅದೂ ಬಲಕ್ಕೇ ತಿರುಗಿ, ಕ್ರಮವಾಗಿ ನೆರವೇರಿಸಿದ್ದೆನು.

ನೇತ್ರಾಣಿಗೆ ಪ್ರವಾಸಿಗಳನ್ನು ಒಯ್ಯುವ ಯಂತ್ರದ ದೋಣಿಯೊಂದು, ಯಾವುದೋ ಚಿತ್ರಗೀತೆಯನ್ನು ಮೀನುಗಳಿಗೂ ಕೇಳಿಸುವಂತೆ ಅರಚಿಸುತ್ತ, ಆಗಲೇ ಬರಬೇಕೆ? “ಅಂಕಲ್, ಪೆಟ್ರೋಲ್ ಖಾಲಿನಾ?” ಎಂದು ಒಬ್ಬ ತರುಣನು ಕೂಗಿದನು. ಉಳಿದವರು ನನ್ನ ಚಿತ್ರ ತೆಗೆದುಕೊಂಡರು. ಹವಳಗಳನ್ನು ಕಾಣಲೆಂದು ಹಣ ತೆತ್ತು ಹೋಗುವ ಈ ಪ್ರಕೃತಿಪ್ರಿಯರು ಹೋಗುಹೋಗುತ್ತ ಒಗೆದ ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣವು ನಮ್ಮ ಪಕ್ಕದಲ್ಲಿಯೇ ತೇಲುತ್ತ, ಬಹಳ ಹೊತ್ತು ಹಿಂದಾಗದೆ, ಮುಂದಾಗದೆ, ನಮ್ಮ ಪ್ರಗತಿಗೆ ಸಾಕ್ಷಿಯಾಗಿ ಉಳಿಯಿತು. ಅದನ್ನು ತಾಂಡೇಲನು ಬಲೆಗೋಲಿನಿಂದ ಎತ್ತಿ ಒಳಗಿಟ್ಟನು. ನನಗೆ ಬಂದ ಸಿಟ್ಟು ಆತನಿಗೆ ಬಂದಂತೆ ಕಾಣಲಿಲ್ಲ.

ದೂರದಲ್ಲಿ ಮಲ್ಪೆಯ ದೊಡ್ಡ ಮೀನುದೋಣಿಯೊಂದು ಉತ್ತರಕ್ಕೆ ಹೋಗುತ್ತಿದ್ದಿತು. ಆತನು ಅದನ್ನು ನೋಡುತ್ತ, ಕೇಳದಿದ್ದರೂ, “ಸುವರ್ಣ ತ್ರಿಭುಜ” ಎಂದನು. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟು ಕಣ್ಮರೆಯಾದ ದೋಣಿ ಅದು. ಏಳರಲ್ಲಿ ಉತ್ತರ ಕನ್ನಡದವರೂ ಇದ್ದರು. ಮರುವರ್ಷ ಮೇ ತಿಂಗಳಿನಲ್ಲಿ ಮಾಲ್ವಣದ ಕಡೆ ಕಡಲಿನ ತಳದಲ್ಲಿ ಅದರ ಅವಶೇಷ ದೊರೆಯಿತು. “ಅದ್ಕೆ ಎಂಜಿನ್ ಇತ್ತು, ವಯರ್‌ಲೆಸ್ ಇತ್ತು, ಎಲ್ಲಾ ಇತ್ತು ಒಡೆಯಾ.” ಆ ಬಳಿಕ ಆತನು ಮಾತನಾಡಲಿಲ್ಲ, ನಾನು ಚುಕ್ಕಾಣಿಯನ್ನು ಬಿಟ್ಟು, ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟು, ಸುಮ್ಮನೆ ಕುಳಿತೆನು.

ಮಧ್ಯಾಹ್ನ ಕಳೆದು ವಾಯವ್ಯದ ಗಾಳಿ ಬಂದಿತು. ಎಚ್ಚೆತ್ತು ಬಂದ ಮಿತ್ರರು ದಂಡೆಯನ್ನೂ ದ್ವೀಪವನ್ನೂ ಅಳೆದು ನೋಡಿ, “ಪರವಾಗಿಲ್ಲ, ಇಟ್ಟಲ್ಲೇ ಇಟ್ಟಿದ್ದೀರಿ” ಎಂದು ಪ್ರಶಂಸಿಸಿದರು. ಮುಂದೆ ಮಲ್ಪೆಯವರೆಗೆ ಚುಕ್ಕಾಣಿ ನನ್ನ ಕೈಗೆ ಬರಲಿಲ್ಲ.

ಬಂದರಿನಲ್ಲಿ ಬುಟ್ಟಿ ಹೊತ್ತ ಮೊಗವೀರ ಹೆಂಗಸೊಬ್ಬಳು ನಮ್ಮ ದೋಣಿಯೊಳಗೆ ಬಗ್ಗಿ ನೋಡಿದಳು. ಬಂಗುಡೆಯಿಲ್ಲ, ಬೂತಾಯಿಯಿಲ್ಲ, ನಿಂಬೆಯ ಸಿಪ್ಪೆ, ಬರೆಯದ ನೋಟುಪುಸ್ತಕ, ನಾನು. ಕಾರವಾರದಿಂದ ಇಷ್ಟು ದೂರ ಬರಿಗೈಯಲ್ಲಿ ಬಂದವರು ಕಡಲಿನಲ್ಲಿ ಮಾಡುತ್ತಿದ್ದುದಾದರೂ ಏನೆಂದು ಆಕೆ ಕೇಳಲು, ಮಿತ್ರರು ಹಾಯಿಯ ಹಿರಿಮೆಯನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ತಾಂಡೇಲನು ಮುಖದ ಒಂದು ಗೆರೆಯನ್ನೂ ಸಡಿಲಿಸದೆ ನನ್ನತ್ತ ಕೈ ತೋರಿಸಿ, “ಇವ್ರು ದೇವರಿಗೆ ಸುತ್ತು ಹಾಕ್ತಿದ್ರು” ಎಂದನು. ಆಕೆ ಬುಟ್ಟಿಯನ್ನು ಕೆಳಗಿಳಿಸಿ, ನಿಜವಾದ ಗೌರವದಿಂದಲೇ, ಯಾವ ಹರಕೆಯೆಂದು ನನ್ನನ್ನು ಕೇಳಿದಳು.